ವಿಮಾನಭಕ್ತರ ಹಡಗು

ಅಣ್ಣ ತೀರಿಕೊಂಡದ್ದು ಮೊದಲು ಗೊತ್ತಾದದ್ದು ಎದುರು ಮನೆಯ ಟೀಚರಮ್ಮನಿಗೆ. ಆಕೆ ತಮ್ಮ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಈಚೆಯ ಮಹಡಿಯಲ್ಲಿ ಅಣ್ಣ ಎಂದಿನಂತೆ ಬೆತ್ತದ ಕುರ್ಚಿಯಲ್ಲಿ, ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಕುಳಿತಿದ್ದ. ಒಂದು ವಿಮಾನ ಹೋಯಿತು. ಟೀಚರಮ್ಮ ಅಷ್ಟಾಗಿ ಗಮನಿಸಲಿಲ್ಲ. ಎರಡನೆಯದು ತಂತಿಯ ಮೇಲಿನ ಹೊದಿಕೆ ನಡುಗುವಷ್ಟು ಕೆಳಗೆ ಹೋಯಿತು. ಅಣ್ಣ ತಲೆ ಎತ್ತಲಿಲ್ಲ. ಟೀಚರಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಮೆಟ್ಟಿಲಿಳಿದು, ಬೀದಿ ದಾಟಿ, ಆ ಮನೆಯ ಕೆಳಗಿನ ಹೊಲಿಗೆ ಯಂತ್ರದ ರಿಪೇರಿ ಅಂಗಡಿಗೆ ನುಗ್ಗಿ ಅಲ್ಲಿದ್ದ ಅವನ ತಮ್ಮನಿಗೆ ಹೇಳಿದರು:

“ಬೇಗ ಮೇಲೆ ಹೋಗಿ ನೋಡಿ. ವಿಮಾನ ಹೋಯ್ತು, ನಿಮ್ಮಣ್ಣ ತಲೆ ಎತ್ತಲಿಲ್ಲ.”

ಡಾಕ್ಟರು ಬಂದು ನಾಡಿ ಹಿಡಿದದ್ದು ಅರ್ಧ ಗಂಟೆಯ ಮೇಲೆ. ಅಷ್ಟರಲ್ಲಿ ಬೀದಿಗೆ ಯಾವ ಸಂದೇಹವೂ ಉಳಿದಿರಲಿಲ್ಲ. “ವಿಮಾನಕ್ಕೆ ತಲೆ ಎತ್ತಲಿಲ್ಲ ಅಂದ ಮೇಲೆ ನಾಡಿ ಏನ್ ನೋಡೋದು?” ಎಂದು ಕ್ಷೌರದಂಗಡಿಯವನು ಹೇಳಿದ್ದನ್ನು ಯಾರೂ ತಮಾಷೆಯೆಂದು ತಿಳಿಯಲಿಲ್ಲ. ಅವನೂ ತಮಾಷೆಗೆ ಹೇಳಿರಲಿಲ್ಲ.

ಅಣ್ಣ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ತಲೆಯ ಮೇಲೆ ಹೋಗುವ ಪ್ರತಿ ವಿಮಾನದ ನಂಬರನ್ನು ದುರ್ಬೀನಿನಲ್ಲಿ ಓದಿ, ದಿನ ಮತ್ತು ಹೊತ್ತು ಹಾಕಿ, ಪಕ್ಕದಲ್ಲಿ ಸಹಿ ಮಾಡುವುದು ಅವನ ನಲವತ್ತು ವರ್ಷದ ನೇಮ. ಹೀಗೆ ನಲವತ್ತೊಂದು ನೋಟ್‌ಬುಕ್ಕುಗಳು ತುಂಬಿದ್ದವು. ಅವನು ಮಾತ್ರ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಕೇಳಿದರೆ, “ಒಳಗೆ ಕೂತ್ರೆ ವಿಮಾನ ಕಾಣಲ್ಲ” ಎನ್ನುತ್ತಿದ್ದ. ಬೀದಿಯವರು ಅವನನ್ನು ‘ವಿಮಾನ’ ಎಂದೂ ತಮ್ಮನನ್ನು ‘ಮಿಷನ್ನು’ ಎಂದೂ ಕರೆಯುತ್ತಿದ್ದರು. ಇಬ್ಬರಲ್ಲಿ ಕೆಲಸಕ್ಕೆ ಬರುವವನು ಯಾರು ಎಂಬ ವಿಷಯದಲ್ಲಿ ಬೀದಿಗೆ ಎರಡು ಅಭಿಪ್ರಾಯ ಇರಲಿಲ್ಲ.

ಇದೇ ಹುಚ್ಚಿನ ಜನರ ಒಂದು ಬಳಗವೂ ಇತ್ತು. ಬೇರೆ ಬೇರೆ ಊರುಗಳಲ್ಲಿದ್ದು, ಮೂವತ್ತು ವರ್ಷಗಳಿಂದ ಕಾಗದದಲ್ಲೇ ಸ್ನೇಹ ಮಾಡಿಕೊಂಡು ಬಂದವರು. ಈ ಸಲ ಅವರೆಲ್ಲ ಸೇರಿ ಒಂದು ಪ್ರವಾಸದ ಹಡಗಿನಲ್ಲಿ ನಾಲ್ಕು ದಿನ ಹೋಗುವುದೆಂದು ನಿಶ್ಚಯವಾಗಿತ್ತು. ಬಳಗದ ಯಾವ ಸಭೆಗೂ ಹೋಗದ ಅಣ್ಣ ಇದಕ್ಕೆ ಮಾತ್ರ ಹೊರಟಿದ್ದ. ನಾಲ್ಕನೆಯ ದಿನ ಹಡಗು ಒಂದು ಕೊಲ್ಲಿಯಲ್ಲಿ ನಿಲ್ಲುವುದಿತ್ತು. ಅಲ್ಲಿ ದೋಣಿಯಂಥ ಹೊಟ್ಟೆಯ, ನೀರಿಗೆ ಇಳಿದು ನೀರಿನಿಂದಲೇ ಏಳುವ ಒಂದು ಹಳೆಯ ವಿಮಾನ ವರ್ಷಕ್ಕೊಮ್ಮೆ ಹಾರುತ್ತಿತ್ತು. ಆ ಜಾತಿಯಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದದ್ದು ಅದೊಂದೇ. ಟಿಕೆಟ್ಟು ಬಂದ ಒಂಬತ್ತು ದಿನಕ್ಕೆ ಅಣ್ಣ ಹೋದ.

ಅತ್ತಿಗೆ ಎರಡು ವಾರ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಇಳಿದು ಬಂದು, ಕೊನೆಯ ನೋಟ್‌ಬುಕ್ಕನ್ನು ಬಿಚ್ಚಿ, ಕೊನೆಯ ಪುಟ ಕಾಣುವಂತೆ ಹೊಲಿಗೆ ಯಂತ್ರದ ಹಲಗೆಯ ಮೇಲೆ ಇಟ್ಟರು. ಅಲ್ಲಿ ಅಣ್ಣನ ದುಂಡು ಅಕ್ಷರದಲ್ಲಿ ಆ ನೀರಿನ ವಿಮಾನದ ನಂಬರು ಮೊದಲೇ ಬರೆದಿತ್ತು. ದಿನ, ಹೊತ್ತು, ಸಹಿಯ ಜಾಗ ಖಾಲಿ.

“ನಲವತ್ತು ವರ್ಷ ನೋಡ್ಬೇಕು ನೋಡ್ಬೇಕು ಅಂದಿದ್ದು ಇದೊಂದೇ,” ಎಂದರು ಅತ್ತಿಗೆ. “ಅವರ ಬದಲು ನೀನು ಹೋಗು. ನೋಡಿ ಈ ಸಾಲು ತುಂಬಿಸ್ಕೊಂಡು ಬಾ. ಅರ್ಧ ಬರೆದ ಸಾಲು ಬಿಟ್ಟು ಅವರು ಯಾವತ್ತೂ ಮಲಗಿದೋರಲ್ಲ. ಈಗ ಹೇಗೆ ಮಲಗ್ತಾರೆ?”

ತಮ್ಮನಿಗೆ ವಿಮಾನದ ತಲೆ ಯಾವುದು ಬಾಲ ಯಾವುದು ಎಂಬುದಕ್ಕಿಂತ ಹೆಚ್ಚಿನ ಜ್ಞಾನ ಇರಲಿಲ್ಲ. ಆದರೂ ಅತ್ತಿಗೆಯ ಮಾತಿಗೆ ಎದುರಾಡಿ ಅಭ್ಯಾಸವಿಲ್ಲದ್ದರಿಂದ ಒಪ್ಪಿಕೊಂಡ. ಕ್ಷೌರದಂಗಡಿಯವನು ಇದನ್ನು ಕೇಳಿ ಕತ್ತರಿ ನಿಲ್ಲಿಸಿದ.

“ವಿಮಾನ ನೋಡೋಕೆ ಹಡಗು ಹತ್ತೋದಾ? ಹಂಗಾದ್ರೆ ಹಡಗು ನೋಡೋರು ಏನು ಹತ್ತಬೇಕು?”

ಹಡಗಿನ ಕಚೇರಿಯ ಗುಮಾಸ್ತ ಒಳ್ಳೆಯ ಮನುಷ್ಯ. ರಕ್ತಸಂಬಂಧಿಗೆ ಟಿಕೆಟ್ಟು ಬದಲಾಯಿಸಿಕೊಡಲು ಅಡ್ಡಿಯಿಲ್ಲ ಎಂದ. ಆದರೆ ಅರ್ಜಿಯಲ್ಲಿ, ಮೂಲ ಪ್ರಯಾಣಿಕರು ಬರದಿರಲು ಮೂರೇ ಕಾರಣಗಳಿದ್ದವು: ಕಾಯಿಲೆ, ರಜೆ ಸಿಗಲಿಲ್ಲ, ಮನಸ್ಸು ಬದಲಾಯಿತು.

“ಸತ್ತದ್ದಕ್ಕೆ ಜಾಗ ಇಲ್ವಲ್ಲ,” ಎಂದು ಗುಮಾಸ್ತ ಹಾಳೆಯನ್ನು ತಿರುಗಿಸಿ ನೋಡಿದ. “ಮನಸ್ಸು ಬದಲಾಯಿತು ಅಂತ ಗುರುತು ಹಾಕ್ಲಾ?”

“ಅದು ಬೇಡ. ಅವನ ಮನಸ್ಸು ಬದಲಾಗೋದಲ್ಲ.”

“ಕಾಯಿಲೆ?”

“ಒಂದು ದಿನ ನೆಗಡಿನೂ ಇರ್ಲಿಲ್ಲ.”

ಇಬ್ಬರೂ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದರು. ಕೊನೆಗೆ ಗುಮಾಸ್ತ ದನಿ ತಗ್ಗಿಸಿ, “ರಜೆ ಸಿಗಲಿಲ್ಲ ಅಂತಾನೇ ಹಾಕೋಣ. ಒಂದು ಲೆಕ್ಕದಲ್ಲಿ ನಿಜ,” ಎಂದು ಗುರುತು ಹಾಕಿದ. ಆ ಅರ್ಜಿ ಹಡಗಿಗೆ ಹೋಯಿತು. ಬಳಗಕ್ಕೆ ಹೋಗಲಿಲ್ಲ. ಮುಂದಿನ ಅನರ್ಥವೆಲ್ಲ ಹುಟ್ಟಿದ್ದು ಇಲ್ಲಿಂದ.

ಬಂದರಿನಲ್ಲಿ ಹಡಗನ್ನು ನೋಡಿ ತಮ್ಮ ಮೊದಲು ಅದನ್ನು ಗೋಡೆಯೆಂದು ತಿಳಿದು, ಹಡಗೆಲ್ಲಿ ಎಂದು ಕೇಳಿದ. ಅದೇ ಹಡಗೆಂದು ತಿಳಿದ ಮೇಲೆ ಕತ್ತು ಎತ್ತಿ ನೋಡುತ್ತ ಹಿಂದಕ್ಕೆ ನಡೆದು ಒಬ್ಬ ಹೆಂಗಸಿನ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟ. ತಲೆಯ ಮೇಲೆ ಅಣ್ಣನ ಟೋಪಿ, ಕೊರಳಲ್ಲಿ ಅಣ್ಣನ ದುರ್ಬೀನು, ಕಂಕುಳಲ್ಲಿ ಅಣ್ಣನ ನೋಟ್‌ಬುಕ್ಕು. ಟೋಪಿಯ ಮೇಲಿದ್ದ ಬಳಗದ ಬಿಲ್ಲೆಯನ್ನು ಕಂಡು ಬಿಳಿ ಮೀಸೆಯ ಎತ್ತರದ ಮುದುಕರೊಬ್ಬರು ಓಡಿ ಬಂದು ಅವನನ್ನು ತಬ್ಬಿಕೊಂಡರು.

ಅವರು ಬಳಗದ ಅಧ್ಯಕ್ಷರು. ವಿಮಾನ ನಿಲ್ದಾಣದ ಗೋಪುರದಲ್ಲಿ ಕುಳಿತು ವಿಮಾನಗಳಿಗೆ ದಾರಿ ಹೇಳುತ್ತಿದ್ದವರು. ಎಲ್ಲರ ಬಾಯಲ್ಲಿ ‘ಗೋಪುರದವರು’.

“ಮೂವತ್ತೊಂದು ವರ್ಷ ಸ್ವಾಮಿ,” ಎಂದರು ಅವರು. “ನೂರಾ ಎಂಬತ್ತು ಕಾಗದ ಬರೆದಿದ್ದೀರಿ. ಮುಖ ಇವತ್ತು ನೋಡ್ದೆ.”

“ಸಾರ್, ನಾನು...” ಎಂದ ತಮ್ಮ. ಅಷ್ಟರಲ್ಲಿ ಗೋಪುರದವರ ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆಳೆದರು.

“ಇವರ ಹೃದಯ ಬಹಳ ಸೂಕ್ಷ್ಮ. ಸಂತೋಷ ಆದ್ರೂ ಚಮಚದಲ್ಲಿ ಕೊಡಿ ಅಂದಿದ್ದಾರೆ ಡಾಕ್ಟರು. ದುಃಖದ ಸಮಾಚಾರ ಏನಾದ್ರೂ ಇದ್ರೆ ನಾಲ್ಕು ದಿನ ಹೊಟ್ಟೇಲೇ ಇಟ್ಕೊಳ್ಳಿ.”

ತಮ್ಮನ ಹತ್ತಿರ ಇದ್ದದ್ದು ಅದೊಂದೇ ಸಮಾಚಾರ. ಹೊಟ್ಟೆಯಲ್ಲಿಟ್ಟುಕೊಂಡು ಹಡಗು ಹತ್ತಿದ.

ಆ ದಿನದ ಊಟದ ಮೇಜಿನಲ್ಲಿ ಅವನ ಸುತ್ತ ಹನ್ನೆರಡು ಜನ ಕುಳಿತರು. ಅವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಹಲ್ಲಿನ ಡಾಕ್ಟರಮ್ಮ, ಅಣ್ಣನ ಕಾಗದಗಳ ನಕಲನ್ನೆಲ್ಲ ಕಡತ ಮಾಡಿಟ್ಟವರು. ಇನ್ನೊಬ್ಬರು ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು, ಬಳಗದ ನಿಯಮಗಳಿಗೆ ಕಾವಲು. ಇವರೆಲ್ಲ ಸೂಪು ಆರುವವರೆಗೆ ಅವನು ಬಾಯಿ ತೆರೆಯುವುದನ್ನೇ ಕಾದರು.

“ನೀವೇ ಹೇಳ್ಬೇಕು,” ಎಂದರು ಡಾಕ್ಟರಮ್ಮ. “ನಾಲ್ಕು ಎಂಜಿನ್ ಇದ್ದ ಕಾಲ ಒಳ್ಳೇದೋ, ಈಗಿನ ಎರಡು ಎಂಜಿನ್ ಒಳ್ಳೇದೋ?”

ತಮ್ಮ ಯೋಚಿಸಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟ. “ಎಷ್ಟಿದ್ರೇನು. ದಿನಾ ಧೂಳು ಒರೆಸ್ಬೇಕು.”

ಕಂಡಕ್ಟರು ಜೇಬಿನಿಂದ ಚೀಟಿ ತೆಗೆದು ಅದನ್ನು ಬರೆದುಕೊಂಡರು.

ಎರಡನೆಯ ದಿನ ಹಡಗು ಸಮುದ್ರದಂಚಿನ ಒಂದು ವಿಮಾನ ನಿಲ್ದಾಣದ ಎದುರಿಗೆ ನಿಧಾನವಾಗಿ ಸಾಗಿತು. ಇಳಿಯುವ ವಿಮಾನಗಳೆಲ್ಲ ಹಡಗಿನ ನೆತ್ತಿಯ ಮೇಲೆಯೇ ಬರುತ್ತಿದ್ದವು. ಬಳಗದಲ್ಲಿ ಒಂದು ಪಂದ್ಯವಿತ್ತು. ಬರುವ ವಿಮಾನಕ್ಕೆ ಬೆನ್ನು ಮಾಡಿ, ಕಣ್ಣು ಕಟ್ಟಿಕೊಂಡು, ಸದ್ದು ಕೇಳಿ ಅದು ಯಾವುದೆಂದು ಹೇಳಬೇಕು. ಅಣ್ಣನ ಕಾಗದಗಳು ಸದ್ದಿನ ವರ್ಣನೆಗೆ ಹೆಸರಾದದ್ದರಿಂದ ಮೊದಲ ಗೌರವ ತಮ್ಮನಿಗೆ ಬಂತು. ಕಂಡಕ್ಟರೇ ಅವನ ಕಣ್ಣಿಗೆ ಬಟ್ಟೆ ಕಟ್ಟಿದರು. ಬಳಗದ ಎಂಬತ್ತು ಜನ ಸುತ್ತ ನಿಂತರು.

ಮೇಲೆ ಏನೋ ಗೊರಗೊರ ಎನ್ನುತ್ತ ಹೋಯಿತು.

ತಮ್ಮನಿಗೆ ವಿಮಾನ ತಿಳಿಯದು. ಆದರೆ ಮೂವತ್ತೈದು ವರ್ಷ ಕೆಟ್ಟ ಯಂತ್ರಗಳ ನರಳಾಟ ಕೇಳಿದ ಕಿವಿ ಅವನದು. “ಬೆಲ್ಟು ಒಣಗಿದೆ,” ಎಂದ. “ಎರಡು ಹನಿ ಎಣ್ಣೆ ಬಿಟ್ರೆ ಸಾಕು.”

ಡಾಕ್ಟರಮ್ಮ ಕಡತ ಬಿಚ್ಚಿ ಪುಟ ತಿರುವಿದರು.

“ಹತ್ತೊಂಬತ್ತು ವರ್ಷದ ಹಿಂದಿನ ಕಾಗದ. ‘ಸರಕು ಸಾಗಿಸುವ ಎರಡು ಪಂಖದ ಸಣ್ಣ ವಿಮಾನ: ಬೆಲ್ಟು ಒಣಗಿದ ಹೊಲಿಗೆ ಯಂತ್ರದ ಸದ್ದು.’ ಈಗ ಹೋಗಿದ್ದು ಅದೇ.”

ಎರಡನೆಯದು ಬಂತು. “ಇದರ ಬಾಬಿನ್ ಸಡಿಲ,” ಎಂದ. ಅದೂ ಕಡತದಲ್ಲಿತ್ತು. ಮೂರನೆಯದಕ್ಕೆ, “ಇದು ಹೊಸದು, ಆದ್ರೆ ಯಾರೋ ಅವಸರದಲ್ಲಿ ಜೋಡಿಸಿದ್ದಾರೆ,” ಎಂದ. ಅದೂ ಇತ್ತು, ಅದೇ ಮಾತಿನಲ್ಲಿ. ಆರು ವಿಮಾನಕ್ಕೆ ಆರೂ ಸರಿಯಾದವು. ಒಬ್ಬರು ವೃದ್ಧರು ಅವನ ಕಿವಿಯನ್ನು ಮುಟ್ಟಿ ನೋಡಲು ಅಪ್ಪಣೆ ಕೇಳಿದರು.

ಅಣ್ಣ ಮಧ್ಯಾಹ್ನದ ಹೊತ್ತು ಅಂಗಡಿಗೆ ಬಂದು ಮುಕ್ಕಾಲಿಯ ಮೇಲೆ ಕೂರುತ್ತಿದ್ದದ್ದು, “ಇದಕ್ಕೇನಾಗಿದೆ, ಅದಕ್ಕೇನಾಗಿದೆ” ಎಂದು ಕೇಳಿ ಏನೋ ಗೀಚಿಕೊಳ್ಳುತ್ತಿದ್ದದ್ದು ತಮ್ಮನಿಗೆ ಆಗ ನೆನಪಾಯಿತು. ಹೊತ್ತು ಹೋಗದೆ ಬರುತ್ತಾನೆ ಎಂದುಕೊಂಡಿದ್ದ. ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಲು ಕಂಡಕ್ಟರು ಬಂದರೆ, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದು ಕೈಸನ್ನೆ ಮಾಡಿದ. ಇದನ್ನೂ ಜನ ಮೆಚ್ಚಿಕೊಂಡರು.

ಕೀರ್ತಿ ಹಡಗಿನ ತಳಕ್ಕೂ ಇಳಿಯಿತು. ಮೂರನೆಯ ದಿನ ಬೆಳಿಗ್ಗೆ ಹಡಗಿನ ಮುಖ್ಯ ಎಂಜಿನಿಯರು, ತೋಳಿನ ಮೇಲೆ ನಾಲ್ಕು ಚಿನ್ನದ ಪಟ್ಟಿಯವರು, ಸ್ವತಃ ಅವನ ಕೋಣೆಗೆ ಬಂದರು. ಭೋಜನಶಾಲೆಯ ಕೆಳಗೆ ಎರಡು ವರ್ಷಗಳಿಂದ ಒಂದು ಟಕಟಕ ಇದೆ, ಯಾರಿಗೂ ಸಿಕ್ಕಿಲ್ಲ, ತಾವು ದಯಮಾಡಿ ಒಮ್ಮೆ ಕೇಳಬೇಕು ಎಂದರು. ತಮ್ಮ ಅಲ್ಲಿಗೆ ಇಳಿದು ಹೋಗಿ, ಮನೆಯಷ್ಟು ದೊಡ್ಡ ಯಂತ್ರಗಳನ್ನು ನೋಡಿ ಚಪ್ಪಲಿ ಹೊರಗೆ ಬಿಟ್ಟ. ಎಂಜಿನಿಯರೂ ಅವನನ್ನು ನೋಡಿ ತಮ್ಮ ಬೂಟು ಬಿಚ್ಚಿದರು. ಕಬ್ಬಿಣದ ಗೋಡೆಗೆ ಕಿವಿಯಿಟ್ಟು ಹತ್ತು ಹೆಜ್ಜೆ ಸರಿದು, “ಬೋಲ್ಟ್ ಅಲ್ಲ, ವಾಷರು. ಇಲ್ಲಿ,” ಎಂದು ಬೆರಳಿಟ್ಟ. ಬಿಚ್ಚಿ ನೋಡಿದರೆ ಅಲ್ಲೇ. ಅಂದು ಅವನ ಊಟ ಕಪ್ತಾನರ ಮೇಜಿನಲ್ಲಾಯಿತು.

ಇಷ್ಟೆಲ್ಲ ಆದರೂ ಅವನು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕುಳಿತ. ಕಪ್ತಾನರಿಗೆ ಅವನ ಪರಿಚಯ ಮಾಡಿಸುತ್ತ ಕಂಡಕ್ಟರು ಒಂದು ಕಥೆ ಹೇಳಿದ್ದರು.

“ಇವರು ಒಂದ್ಸಲ ಸ್ನಾನಕ್ಕೆ ಹೋಗಿದ್ರಂತೆ. ಅಷ್ಟು ಹೊತ್ತಿಗೆ ಒಂದು ಅಪರೂಪದ ವಿಮಾನ ಮನೆ ಮೇಲೆ ಹೋಯ್ತು. ಇವರ ತಮ್ಮ ನೋಡಿ, ನಂಬರ್ ಸಮೇತ ಕೂಗಿ ಹೇಳಿದ್ರಂತೆ. ಇವರು ಬರೆದುಕೊಳ್ಳಲಿಲ್ಲ. ‘ನನ್ನ ಕಣ್ಣು ನೋಡಿಲ್ಲ’ ಅಂತ ಸಾಲು ಖಾಲಿ ಬಿಟ್ರು. ಅದು ಮತ್ತೆ ಬರೋಕೆ ಹನ್ನೊಂದು ವರ್ಷ ಆಯ್ತು. ಹನ್ನೊಂದು ವರ್ಷ ಕಾದ್ರು. ನಮ್ಮ ಬಳಗದ ಮೊದಲನೇ ನಿಯಮ ಅಲ್ಲಿಂದ ಬಂದಿದ್ದು.”

“ಆ ತಮ್ಮ ಏನ್ ಮಾಡ್ತಾರೆ ಈಗ?” ಎಂದು ಕಪ್ತಾನರು ಕೇಳಿದರು.

“ಇದ್ದಾನೆ,” ಎಂದ ತಮ್ಮ. “ಪಾಪದವನು.”

ನಾಲ್ಕನೆಯ ದಿನ ಹಡಗು ಕೊಲ್ಲಿಯಲ್ಲಿ ಲಂಗರು ಹಾಕಿತು. ಸುತ್ತ ಹಸಿರು ಗುಡ್ಡ. ನಡುವೆ ಇಸ್ತ್ರಿ ಮಾಡಿದ ಬಟ್ಟೆಯಂತೆ ನೀರು. ಎಂಬತ್ತು ಜನ ಕಟಕಟೆಯ ಉದ್ದಕ್ಕೂ ನಿಂತರು. ಗೋಪುರದವರಿಗೆ ಕುರ್ಚಿ ಹಾಕಿತ್ತು. ಅವರ ಹೆಂಡತಿ ಗುಳಿಗೆಯ ಡಬ್ಬಿಯನ್ನು ತೆರೆದೇ ಹಿಡಿದಿದ್ದರು. ತಮ್ಮ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಅವರ ಪಕ್ಕದಲ್ಲಿ ನಿಂತ.

ಮೊದಲು ಸದ್ದು ಬಂತು. ತಮ್ಮ ಅಭ್ಯಾಸಬಲದಿಂದ ಅದರ ದೋಷ ಹುಡುಕಿದ. ಬೆಲ್ಟು ಕೇಳಿದ, ಬಾಬಿನ್ ಕೇಳಿದ, ವಾಷರು ಕೇಳಿದ. ದೋಷ ಇರಲಿಲ್ಲ. ಮೂವತ್ತೈದು ವರ್ಷದಲ್ಲಿ ಏನೂ ಕೆಡದ ಯಂತ್ರದ ಸದ್ದನ್ನು ಅವನು ಕೇಳಿಯೇ ಇರಲಿಲ್ಲ. ಏನೂ ಕೆಡದ ಯಂತ್ರವನ್ನು ರಿಪೇರಿಯವನ ಹತ್ತಿರ ಯಾರು ತರುತ್ತಾರೆ?

ಆಮೇಲೆ ಗುಡ್ಡದ ಹಿಂದಿನಿಂದ ಅದು ಬಂತು. ಬೆಳ್ಳಗೆ, ಅಗಲವಾಗಿ, ಅವಸರವಿಲ್ಲದೆ, ಇಡೀ ಆಕಾಶ ತನ್ನ ಮನೆಯ ಅಂಗಳವೆಂಬಂತೆ. ನೀರಿಗೆ ಇಳಿಯಿತು. ದರ್ಜಿ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುವಂತೆ ಕೊಲ್ಲಿಯ ಈ ತುದಿಯಿಂದ ಆ ತುದಿಗೆ ಒಂದೇ ಬಿಳಿ ಗೆರೆ ಎಳೆದು ನಿಂತಿತು. ನಿಂತು, ತಿರುಗಿ, ಮತ್ತೆ ಓಡಿ, ಯಾರೋ ಕೈಯಿಂದ ಎತ್ತಿದಂತೆ ಎದ್ದು, ಹಡಗಿನ ಮೇಲೆಯೇ ಹಾದುಹೋಯಿತು. ಅದರ ಹೊಟ್ಟೆಯಿಂದ ಉದುರಿದ ಸಮುದ್ರದ ನೀರು ಎಲ್ಲರ ಮುಖದ ಮೇಲೆ ಬಿತ್ತು. ಯಾರೂ ಒರೆಸಿಕೊಳ್ಳಲಿಲ್ಲ. ಮೇಜು ಒರೆಸುತ್ತಿದ್ದವರು, ತಟ್ಟೆ ಹಿಡಿದವರು, ನಾಲ್ಕು ಪಟ್ಟಿಯ ಎಂಜಿನಿಯರು, ಎಲ್ಲರೂ ಇದ್ದಲ್ಲೇ ನಿಂತಿದ್ದರು. ಸದ್ದು ಗುಡ್ಡದಾಚೆ ಕರಗಿತು.

ಗೋಪುರದವರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. “ಬರೀರಿ ಸ್ವಾಮಿ. ನೀವು ಈ ಸಾಲು ಬರೆಯೋದನ್ನ ನೋಡ್ಬೇಕು ಅಂತಲೇ ಈ ಹೃದಯಾನ ಇಲ್ಲೀವರೆಗೆ ತಂದೆ.”

ಜನ ಸುತ್ತ ಸೇರಿದರು. ತಮ್ಮ ಕೊನೆಯ ಪುಟ ಬಿಚ್ಚಿದ. ಅತ್ತಿಗೆಯ ಮುಖ ಕಣ್ಣಿಗೆ ಬಂತು. ಪೆನ್ನು ಕಾಗದದ ಹತ್ತಿರ ಹೋಗಿ, ಮುಟ್ಟದೆ ನಿಂತಿತು.

“ನನ್ನ ಕೈಲಿ ಆಗಲ್ಲ,” ಎಂದ. “ನಾನು ಅವನಲ್ಲ. ಅವನ ತಮ್ಮ. ಹೊಲಿಗೆ ಮಿಷನ್ ರಿಪೇರಿಯವನು. ಅಣ್ಣ ಹೋಗಿ ಇವತ್ತಿಗೆ ನಲವತ್ತಾರು ದಿನ ಆಯ್ತು.”

ಗೋಪುರದವರ ಹೆಂಡತಿ ಗುಳಿಗೆಯನ್ನು ಗಂಡನ ಬಾಯಿಯ ಹತ್ತಿರ ಹಿಡಿದು, ತಮ್ಮನನ್ನು ಸುಡುವಂತೆ ನೋಡಿದರು. ಕಂಡಕ್ಟರು ಮುಂದೆ ಬಂದರು.

“ಹಾಗಾದ್ರೆ ನಾಲ್ಕು ದಿನ ನಮ್ಮ ಜೊತೆ ಊಟ ಮಾಡಿದ್ದು?”

“ನಾನೇ.”

“ಪಂದ್ಯ ಗೆದ್ದಿದ್ದು?”

“ನಾನೇ. ಆದ್ರೆ ನನಗೆ ಗೊತ್ತಿದ್ದಿದ್ದು ಬೆಲ್ಟು ಒಂದೇ. ಅದು ವಿಮಾನ ಅಂತ ಗೊತ್ತಿದ್ದಿದ್ದು ಅವನಿಗೆ.”

ಗೋಪುರದವರು ಗುಳಿಗೆಯನ್ನು ಪಕ್ಕಕ್ಕೆ ಸರಿಸಿದರು. ಅವರ ಮುಖ ಬಿಳಿಚಿತ್ತು, ಆದರೆ ದನಿ ಗಟ್ಟಿಯಾಗಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ. ಅದನ್ನು ಬೇರೆ ಯಾರೂ ಕೇಳುವುದು ಸಾಧ್ಯವಿರಲಿಲ್ಲ.

“ಅವರು ಕೊನೆಗೆ ನೋಡಿದ್ದು ಯಾವುದು?”

ತಮ್ಮ ಪುಟ ಹಿಂದಕ್ಕೆ ತಿರುವಿ ಓದಿದ. ಆ ದಿನದ ಬೆಳಿಗ್ಗೆ, ಹತ್ತು ಗಂಟೆ ನಲವತ್ತು ನಿಮಿಷ.

“ನಂಬರು ಪೂರ್ತಿ ಬರೆದಿದ್ದಾರಾ?”

“ಪೂರ್ತಿ ಇದೆ.”

“ಸಹಿ?”

“ಇದೆ ಸಾರ್.”

“ಹಾಗಾದ್ರೆ ಅರ್ಧಕ್ಕೆ ಬಿಟ್ಟು ಹೋಗಲಿಲ್ಲ,” ಎಂದು ಗೋಪುರದವರು ಟೋಪಿ ತೆಗೆದರು. ಎಂಬತ್ತು ಟೋಪಿಗಳು ಇಳಿದವು. ಅವರು ಅತ್ತರು, ಹೆಂಡತಿ ಬೇಡವೆನ್ನಲಿಲ್ಲ, ತಾವೂ ಅತ್ತರು.

ಕಣ್ಣು ಒರೆಸಿಕೊಂಡ ಕೂಡಲೆ ಬಳಗಕ್ಕೆ ನಿಜವಾದ ಸಮಸ್ಯೆ ನೆನಪಾಯಿತು. ನಾಲ್ಕು ದಿನ ಬೇರೊಬ್ಬನನ್ನು ಪೂಜಿಸಿದ ವಿಷಯ ಅಲ್ಲ. ಅದನ್ನು ಯಾರೂ ಮತ್ತೆ ಎತ್ತಲಿಲ್ಲ. ಸತ್ತವರ ಸಾಲನ್ನು ಇನ್ನೊಬ್ಬರ ಕಣ್ಣಿನಿಂದ ತುಂಬಬಹುದೇ ಎಂಬುದು ಪ್ರಶ್ನೆ. ಅಲ್ಲೇ, ಮುಖದ ಉಪ್ಪುನೀರು ಒಣಗುವ ಮೊದಲೇ, ಸಭೆ ಸೇರಿತು.

“ಅವರ ಟೋಪಿ, ಅವರ ದುರ್ಬೀನು, ಅವರ ರಕ್ತ,” ಎಂದು ಡಾಕ್ಟರಮ್ಮ ವಾದಿಸಿದರು. “ಕಣ್ಣು ಒಂದು ಬೇರೆ, ಅಷ್ಟೆ. ಬರೀಲಿ ಬಿಡಿ.”

“ಒಬ್ಬರ ಪಾಸಲ್ಲಿ ಇನ್ನೊಬ್ಬರು ಪ್ರಯಾಣ ಮಾಡೋ ಹಾಗಿಲ್ಲಮ್ಮ,” ಎಂದರು ಕಂಡಕ್ಟರು. ಅವರ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. “ಒಡಹುಟ್ಟಿದೋರಾದ್ರೂ ಇಲ್ಲ. ನಾನು ನನ್ನ ತಂದೇನೇ ಬಸ್ಸಿಂದ ಇಳಿಸಿದ್ದೀನಿ.”

ಗೋಪುರದವರು ತಮ್ಮನ ಕಡೆ ತಿರುಗಿದರು. “ನೀವೇನಂತೀರಿ?”

“ಖಾಲಿ ಇರ್ಲಿ ಸಾರ್. ಅವನು ನೋಡಿಲ್ಲ.”

ಸಭೆ ಮುಗಿಯಿತು. ಡಾಕ್ಟರಮ್ಮ ಒಳಗೆ ಹೋಗಿ ಒಂದು ಹೊಸ ನೋಟ್‌ಬುಕ್ಕು ತಂದು ತಮ್ಮನ ಕೈಗಿಟ್ಟರು. ನಂಬರನ್ನು ಎಂಬತ್ತು ಜನ ಒಂದೊಂದು ಅಕ್ಷರವಾಗಿ ಹೇಳಿಕೊಟ್ಟರು. ಮೊದಲ ಪುಟದ ಮೊದಲ ಸಾಲಿನಲ್ಲಿ ಅವನು ಅದನ್ನು ಬರೆದು, ದಿನ ಹಾಕಿ, ಹೊತ್ತು ಹಾಕಿ, ಪಕ್ಕದಲ್ಲಿ ತನ್ನ ಸ್ವಂತ ಸಹಿ ಮಾಡಿದ. ಆ ಸಾಲನ್ನು ನೋಡಲು ಜನ ಸರದಿಯಲ್ಲಿ ಬಂದರು.

“ನಾವೆಲ್ಲ ಬೆಳೆಗೆ ಔಷಧಿ ಚಿಮುಕಿಸೋ ವಿಮಾನ, ಅಂಚೆ ವಿಮಾನ ಅಂತ ಶುರು ಮಾಡಿದೋರು,” ಎಂದರು ಗೋಪುರದವರು. “ಈ ಮನುಷ್ಯರ ಮೊದಲನೇ ಸಾಲೇ ಇದು, ನೋಡಿ.”

ಬಂದರು ಹತ್ತಿರವಾಗಿ ಫೋನು ಸಿಕ್ಕಿದಾಗ ತಮ್ಮ ಒಂಟಿಯಾಗಿ ಕಟಕಟೆಯ ಹತ್ತಿರ ಹೋಗಿ ಮನೆಗೆ ಕರೆ ಮಾಡಿದ.

“ನೋಡಿದ್ಯಾ?” ಎಂದರು ಅತ್ತಿಗೆ.

“ನೋಡ್ದೆ ಅತ್ತಿಗೆ.”

“ಹೇಗಿತ್ತು?”

“ಒಂದು ಹನಿ ಎಣ್ಣೆ ಬೇಕಿರ್ಲಿಲ್ಲ.” ಆಮೇಲೆ ಧೈರ್ಯ ಮಾಡಿ ಹೇಳಿದ. “ಸಾಲು ತುಂಬಿಸಲಿಲ್ಲ. ಆಗಲಿಲ್ಲ. ನೀವು ಬೈದ್ರೂ ಸರಿ.”

ಆ ಕಡೆಯಿಂದ ಅತ್ತಿಗೆಯ ಸಣ್ಣ ನಗು ಕೇಳಿಸಿತು. ನಲವತ್ತಾರು ದಿನದಲ್ಲಿ ಮೊದಲನೆಯದು.

“ಒಳ್ಳೇದೇ ಆಯ್ತು. ಹೋಗು ಅಂದ್ಮೇಲೆ ನನಗೂ ನಿದ್ದೆ ಇಲ್ಲ. ನೀನು ತುಂಬಿಸಿದ್ರೆ ಅವರು ರಬ್ಬರು ಹಿಡ್ಕೊಂಡು ವಾಪಸ್ ಬರ್ತಿದ್ರು. ಈಗ ಮಲಗ್ತಾರೆ ಬಿಡು.”

ಫೋನು ಇಟ್ಟ ಮೇಲೆ ತಮ್ಮ ಅಲ್ಲೇ ನಿಂತ. ಆಕಾಶದಲ್ಲಿ ತೀರ ಎತ್ತರದಲ್ಲಿ ಒಂದು ವಿಮಾನ, ದಾರದ ಎಳೆಯಂತೆ ಬಿಳಿ ಹೊಗೆ ಬಿಡುತ್ತ ಹೋಗುತ್ತಿತ್ತು. ಅದರ ಸದ್ದು ಇಲ್ಲಿಗೆ ಕೇಳಿಸುವಂತಿರಲಿಲ್ಲ. ಅವನು ಟೋಪಿ ತೆಗೆದು ಕೈ ಮುಗಿದ. ಹೊಲಿಗೆ ಯಂತ್ರದವನಿಗೆ ಮಂತ್ರ ಬಾರದು. ಬಂದ ಮಾತಿನಲ್ಲೇ ಬೇಡಿಕೊಂಡ.

“ದೇವರೇ, ನಮ್ಮಣ್ಣನ ಜೀವಕ್ಕೆ ಶಾಂತಿ ಕೊಡಪ್ಪ. ನಲವತ್ತು ವರ್ಷ ಕೆಳಗೆ ಕೂತು ಅವನು ವಿಮಾನಗಳ ಹೊಟ್ಟೆ ಮಾತ್ರ ನೋಡಿದ. ಈಗ ನಿನ್ನ ಹತ್ರ ಎಲ್ಲಾದ್ರೂ ಅವನಿಗೊಂದು ಕುರ್ಚಿ ಹಾಕು. ಬೆನ್ನು ನೋಡಲಿ.”